ಕೊಲು ಮೆಟ್ಟಿಲ ದೊರೆಸಾನಿ

“ಇದು ನಮ್ಮ ಬಂಗಲೆದು,” ಎಂದ ಇಳಂಗೋ, ನವರಾತ್ರಿಗೆ ಜೋಡಿಸಿದ ಕೊಲು ಗೊಂಬೆಗಳ ಮೂರನೇ ಮೆಟ್ಟಿಲಿನತ್ತ ಬೆರಳು ಚಾಚಿ. ಗೊಂಬೆ ನೋಡಲು ಬಂದು ಕಡಲೆ ಸುಂಡಲ್ ತಿನ್ನುತ್ತಿದ್ದ ಹೆಂಗಸರ ಬಾಯಿ ಅಲ್ಲಿಗೇ ನಿಂತಿತು.

ಅವನು ತೋರಿಸಿದ್ದು ಲಕ್ಷ್ಮಿಯ ಪಕ್ಕದ ಪಿಂಗಾಣಿ ದೇವತೆಯನ್ನು. ಇಂಗ್ಲೆಂಡಿನಲ್ಲಿ ಮಾಡಿದ್ದು, ಗೇಣುದ್ದ, ಕೈಯಲ್ಲಿ ಗೋಧಿ ತೆನೆ. ಯಾವ ದೇವರೋ ಮನೆಯೊಡತಿ ಬೆಳ್ಳಿಯಮ್ಮನಿಗೂ ಗೊತ್ತಿಲ್ಲ. ಮನೆಮಂದಿಗೆಲ್ಲ ಈ ಗೊಂಬೆ ದೊರೆಸಾನಿ. ಎದೆ ಬರಿದಾಗಿತ್ತೆಂದು ಮಾವ ಚೆನ್ನಿಯಪ್ಪನ್ ಮಗ್ಗದಲ್ಲಿ ಪುಟ್ಟ ಸೀರೆ ನೇಯ್ದು ಉಡಿಸಿದ್ದರು. ಅಂದಿನಿಂದ ನವರಾತ್ರಿಗೆ ಅವಳಿಗೂ ಹೊಸ ಸೀರೆ.

ಇಳಂಗೋ ಗಿರಣಿ ಮಾಲೀಕರ ಮೊಮ್ಮಗ, ಆ ತಮಿಳು ಊರಿನಲ್ಲಿ ಇವರಂತೆ ಅವರದೂ ಕನ್ನಡದ ಮನೆಯೇ. ಬಿಳಿಯ ದೊರೆಯಿಂದ ಕೊಂಡ ಅವರ ಬಂಗಲೆಯಲ್ಲಿ ಇಂಥ ಗೊಂಬೆಗಳು ನಾಲ್ಕಿದ್ದವು, ಹಳೇ ಫೋಟೋದಲ್ಲಿ ಐದು. ಯಾರದೋ ವಾಟ್ಸಾಪಿಗೆ ಬಂದ ಈ ಕೊಲುವಿನ ಚಿತ್ರದಲ್ಲಿ ಐದನೆಯದನ್ನು ಕಂಡು ಸೀದಾ ಬಂದಿದ್ದ.

“ನಿಮ್ಮ ಮಾವ ನಮ್ಮನೆಗೆ ಬಂದು ಹೋಗ್ತಿದ್ರಲ್ಲ ದೊಡ್ಡಮ್ಮಾ. ಕೇಸುಗೀಸು ಹಾಕಲ್ಲ. ಕೊಟ್ಬಿಡಿ, ಸಾಕು.”

ಬೆಳ್ಳಿಯಮ್ಮನ ಮೈ ಉರಿದುಹೋಯಿತು. ಕೇಸು ಹಾಕುವುದಿಲ್ಲವಂತೆ, ಎಂಥ ದೊಡ್ಡ ಮನಸ್ಸು!

“ಸತ್ತೋರ್ನ ಕಳ್ಳ ಅಂತೀಯಾ ತಂಬಿ? ಕೈ ಮುರಿದ ದೇವ್ರು ಮನೇಲಿರಬಾರ್ದು ಅಂತ ನಿಮ್ಮಜ್ಜಿನೇ ಕಸದ ಕುಪ್ಪೆತೊಟ್ಟಿಗೆ ಹಾಕಿಸಿದ್ರು. ನಮ್ಮಾವ ಎತ್ಕಂಡು ಬಂದು ಅರಗು ಹಾಕಿ ಅಂಟಿಸಿದ್ರು.”

“ಸಾಕ್ಷಿ?”

ಹೆಂಗಸರು ಗೊಂಬೆಯನ್ನು ನೋಡಿದರು, ಆಮೇಲೆ ಬೆಳ್ಳಿಯಮ್ಮನನ್ನು. ಆ ನೋಟ ಅವನ ಮಾತಿಗಿಂತ ಹೆಚ್ಚು ಚುಚ್ಚಿತು.

“ಆ ಕಡೆ ತಿರುಗು,” ಎಂದಳು. “ದೊರೆಸಾನಿ ಸೆರಗು ತೆಗೀಬೇಕು. ಗಂಡಸ್ರ ಮುಂದೆ ತೆಗೆಯಾಕಿಲ್ಲ.”

ಇಳಂಗೋ ನಗುತ್ತಲೇ ತಿರುಗಿದ. ಅವಳು ಪಿನ್ನು ಬಿಚ್ಚಿ, ಎದೆ ಮುಚ್ಚುವಂತೆ ಬಟ್ಟೆ ಸರಿಸಿ, ಈಗ ನೋಡೆಂದು ದೇವತೆಯ ತೋಳನ್ನಷ್ಟೇ ಅವನ ಮುಂದೆ ಹಿಡಿದಳು. ಮೊಣಕೈ ಸುತ್ತ ಕಪ್ಪುಗೆಂಪು ಅರಗು ಬಳೆಯಂತೆ ಕೂತಿತ್ತು.

ಅವನ ಮುಖ ಜೋತುಬಿತ್ತು. “ಛೆ, ಒಡೆದದ್ದಾ? ಹಾಗಾದ್ರೆ ನಮಗೆ ಬೇಡ. ನೀವೇ ಇಟ್ಕೊಳ್ಳಿ,” ಎಂದು ಚಪ್ಪಲಿ ಮೆಟ್ಟಲು ಹೊರಟ.

ಬೆಳ್ಳಿಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಇಟ್ಕೋ ಅನ್ನಾಕೆ ನೀನ್ಯಾರು? ನಮ್ಮಾವ ಕಳ್ಳ ಅಲ್ಲ ಅಂತ ಹೇಳಿ ಹೋಗು. ಇವ್ರೆಲ್ಲಾರ ಮುಂದೆ.”

“ಕಳ್ಳ ಅಲ್ಲ,” ಎಂದ ಗಂಟಲೊಳಗೇ.

“ಯಾರು? ಹೆಸ್ರು ಹೇಳಿ ಹೇಳು.”

ಇಳಂಗೋ ತಡವರಿಸಿದ. “ಅವರ... ಹೆಸರೇನು?”

ಹೆಸರೂ ಗೊತ್ತಿಲ್ಲದವನನ್ನು ಕಳ್ಳನೆಂದಿದ್ದ! ಉತ್ತರಕ್ಕೆ ಬೆಳ್ಳಿಯಮ್ಮ ಹೆಂಗಸರತ್ತ ತಿರುಗಿದಳು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ವಾಡಿಕೆ ಅವರಲ್ಲಿಲ್ಲ.

“ಚೆನ್ನಿಯಪ್ಪನ್,” ಎಂದಳು ಹಿಂದಿನಿಂದ ಪಕ್ಕದ ಮನೆಯ ಮುದುಕಿ ಪೆರಿಯನಾಯಕಿ.

“ಚೆನ್ನಿಯಪ್ಪನ್,” ಎಂದಳು ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು.