ಎರಡು ಉದ್ದ ಸೀಟಿ

ಆ ದಿನದ ಮೂರನೆಯ ಗುಂಪಿಗೆ ಹಡಗಿನ ಕತೆ ಹೇಳಲು ನಿಂತಾಗ ಅವಳಿಗೆ ಕೂತರೆ ಸಾಕು ಅನ್ನಿಸುತ್ತಿತ್ತು. ಹನ್ನೊಂದು ವರ್ಷದಿಂದ ಪ್ರವಾಸಿಗರಿಗೆ ಹೇಳುತ್ತಾ ಬಂದದ್ದೇ. ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು. ನೂರು ಚಿಲ್ಲರೆ ವರ್ಷದ ಹಿಂದೆ, ಬಿರುಗಾಳಿಗೆ ಹೆದರಿ ದಡದ ಕಡೆ ತಿರುಗಿದ ಉಗಿಹಡಗು ಇಲ್ಲಿಂದ ಎಂಬತ್ತು ಮೀಟರ್ ದೂರದ ಬಂಡೆ ಹತ್ತಿ ಕೂತಿತು. ಯಾರೂ ಸಾಯಲಿಲ್ಲ. ನೀರು ಇಳಿದ ಮೇಲೆ ಕಪ್ತಾನ ಪ್ಯಾಂಟು ಮಡಚಿಕೊಂಡು ನಡೆದೇ ದಡಕ್ಕೆ ಬಂದ. ಹಡಗು ಆಮೇಲೆ ಒಡೆದು ಬಂಡೆಯ ಆಚೆಯ ಆಳಕ್ಕೆ ಜಾರಿತು.

"ಒಳಗೆ ಬಂಗಾರ ಇತ್ತಾ?" ಹೊಸದಾಗಿ ಮದುವೆಯಾದ ಹುಡುಗ ಕೇಳಿದ. ಪ್ರತಿ ಗುಂಪಿನಲ್ಲೂ ಒಬ್ಬ ಕೇಳುತ್ತಾನೆ.

"ಕಮೋಡು ಇತ್ತು. ಆರುನೂರು ಕಮೋಡು, ಜೊತೆಗೆ ಬೇಸಿನ್. ಯಾವುದೋ ದೊಡ್ಡ ಹೋಟೆಲಿಗೆ ಹೊರಟಿದ್ವು."

"ನೋಡಿ, ನಿಮ್ಮ ಹಣೇಲಿ ಬರೆದಿರೋದು ಇಷ್ಟೇ," ಅಂದಳು ಅವನ ಹೆಂಡತಿ.

ಗುಂಪಿನಲ್ಲಿ ಆರು ಜನ. ಈ ದಂಪತಿ, ಒಂದೇ ಆಫೀಸಿನ ಮೂವರು, ಮತ್ತೆ ನಿವೃತ್ತ ಟೀಚರ್ ಒಬ್ಬರು. ಎಲ್ಲರ ಮುಖವಾಡದ ಪಟ್ಟಿ ಬಿಗಿ ಮಾಡಿ, ಉಸಿರುಕೊಳವೆ ಬಾಯಿಗೆ ಕೊಟ್ಟು, ನೀರಿಗೆ ಇಳಿಸಿದಳು. ಮುಖ ಅದ್ದಿಕೊಂಡು ತೇಲುತ್ತಾ ಹೋದರೆ ಹಡಗು ಕೆಳಗೇ ಕಾಣುತ್ತದೆ. ಅದರ ತುಕ್ಕು ಹಿಡಿದ ಬಾಯ್ಲರು ನೀರಿನ ಮೇಲ್ಮೈಯಿಂದ ಬರೀ ಅರ್ಧ ಮೀಟರ್ ಕೆಳಗೆ.

ದಡದಲ್ಲಿ ಎತ್ತರದ ಕುರ್ಚಿಯ ಮೇಲೆ ಭಾವ, ಅಂದರೆ ಅಕ್ಕನ ಗಂಡ. ಅವನ ಕೆಲಸ ಸೆಳೆತ ನೋಡುವುದು. ನೀರು ಆಳದ ಕಡೆ ತಿರುಗುವ ಸೂಚನೆ ಕಂಡರೆ ಎರಡು ಉದ್ದ ಸೀಟಿ. ತಕ್ಷಣ ಎಲ್ಲರೂ ವಾಪಸ್.

ಆ ಸೀಟಿ ಮೂರು ವಾರದಿಂದ ಅವಳಿಗೆ ಕೇಳಿಸುತ್ತಿರಲಿಲ್ಲ. ಎಡಗಿವಿ ಮೊದಲೇ ಮಂದ. ಈಗ ಬಲಗಿವಿಯ ತಮಟೆ ತೂತಾಗಿತ್ತು. ಹತ್ತಿರ ನಿಂತು ಆಡಿದ ಮಾತು ಮಾತ್ರ ಹೇಗೋ ತಿಳಿಯುತ್ತಿತ್ತು. ಆರು ವಾರ ನೀರಿನ ಹತ್ತಿರ ಸುಳಿಯಬೇಡ ಅಂದಿದ್ದರು ಡಾಕ್ಟರು. ಚೀಟಿಯನ್ನು ಅವಳು ಬಸ್‌ಸ್ಟಾಂಡಿನಲ್ಲೇ ಹರಿದು ಹಾಕಿದ್ದಳು. ಗಂಡನ ಮನೆ ಬಿಟ್ಟು ಬಂದವಳು; ಇರುವುದು ದಡದಲ್ಲೇ ಇರುವ ಅಕ್ಕನ ಈಜುಸಾಮಾನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಣಗಲು ಹಾಕಿದ ಈಜುಬಟ್ಟೆಗಳ ಕೆಳಗೆ. ನೀರಿಗೆ ಇಳಿಯದಿದ್ದರೆ ಪಾತ್ರೆ, ಬಟ್ಟೆ, ಅಕ್ಕನ ಅತ್ತೆಯ ಕಾಲು ಒತ್ತುವುದು. ಹಂಗಿನ ಅನ್ನ. ನೀರಿನಲ್ಲಿ ಮಾತ್ರ ಅವಳ ಮಾತು ನಡೆಯುತ್ತಿತ್ತು.

ಹಾಗಾಗಿ ಒಂದು ಉಪಾಯ ಮಾಡಿಕೊಂಡಿದ್ದಳು. ಗುಂಪನ್ನು ತನಗೂ ದಡಕ್ಕೂ ನಡುವೆ ಇಟ್ಟುಕೊಂಡು, ಮುಖ ದಡದ ಕಡೆಗಿಟ್ಟು ಹಿಮ್ಮುಖವಾಗಿ ಈಜುವುದು. ಭಾವನ ಕೈ ಬಾಯಿಗೆ ಹೋದರೆ ಸೀಟಿ ಅಂತ ಲೆಕ್ಕ. ಎಷ್ಟು ಜಾಗ್ರತೆ ಇವಳಿಗೆ, ನಮ್ಮ ಮೇಲಿಂದ ಕಣ್ಣೇ ತೆಗೆಯಲ್ಲ ಅಂತ ಜನ ಹೊಗಳುತ್ತಿದ್ದರು.

ಇವತ್ತು ಬಿಸಿಲು ತಾಳಲಾರದೆ ಭಾವ ಕುರ್ಚಿಯನ್ನು ದೊಡ್ಡ ಕೊಡೆಯ ಕೆಳಕ್ಕೆ ಎಳೆದುಕೊಂಡಿದ್ದ. ಅವಳಿಗೆ ಕಂಡದ್ದು ಕಪ್ಪು ನೆರಳು, ಎರಡು ಮೊಣಕಾಲು. ನೆರಳಿನಿಂದ ಈಚೆ ಕೂರು ಅನ್ನಲು ಬಾಯಿ ಬರಲಿಲ್ಲ. ಯಾಕೆ ಅಂತ ಕೇಳಿದರೆ?

ಉಸಿರು ಕಟ್ಟಿ ನಾಲ್ಕು ಮೀಟರ್ ಇಳಿದು, ಒಡೆಯದೆ ಉಳಿದಿದ್ದ ಒಂದೇ ಒಂದು ಕಮೋಡನ್ನು ಬೆರಳಿನಿಂದ ತಟ್ಟಿ ತೋರಿಸಿದಳು. ಕಿವಿಯೊಳಗೆ ಯಾರೋ ಸೂಜಿ ತಿರುಗಿಸಿದ ಹಾಗಾಯಿತು. ಮೇಲೆ ಬಂದು ಬಾಯ್ಲರಿನ ಬಳಿ ಸುಧಾರಿಸಿಕೊಳ್ಳುತ್ತಿದ್ದಾಗ ಟೀಚರ್ ಅವಳ ತೋಳು ಜಗ್ಗಿದರು.

"ಆಗಿಂದ ಊದ್ತಿದ್ದಾರಲ್ಲಮ್ಮ ಅಲ್ಲಿ. ಏನದು?"

ಅವಳು ನೀರಿನೊಳಗೆ ನೋಡಿದಳು. ಪಾಚಿಯೆಲ್ಲ ಆಳದ ಕಡೆ ಬಾಗಿತ್ತು. ಹೊಸ ದಂಪತಿ ಆಗಲೇ ಇಪ್ಪತ್ತು ಮೀಟರ್ ಆಚೆ, ಮುಖ ಅದ್ದಿಕೊಂಡು, ಏನೂ ಗೊತ್ತಿಲ್ಲದೆ ಬಂಡೆಗಳ ಸಂದಿಯ ಕಡೆ ಜಾರುತ್ತಿದ್ದರು. ಉಳಿದವರಿಗೆ ತಾನು ಜೊತೆಗೆ ಎಳೆದು ತಂದಿದ್ದ ತೇಲುಬುರುಡೆ ಹಿಡಿಸಿ, ಅದರ ಹಗ್ಗವನ್ನು ಬಾಯ್ಲರಿನ ಕೊಂಡಿಗೆ ಸುತ್ತಿ, ದಂಪತಿಯ ಹಿಂದೆ ಈಜಿದಳು. ಒಬ್ಬೊಬ್ಬರನ್ನೇ ಎಳೆದು ತಂದಳು. ಹೆಂಡತಿಯ ಮೊಣಕಾಲು ಹಡಗಿನ ತಗಡಿಗೆ ತರಚಿಹೋಯಿತು. ಬುರುಡೆ ಹಿಡಿದವರನ್ನೆಲ್ಲ ಸೆಳೆತಕ್ಕೆ ಓರೆಯಾಗಿ ಎಳೆದುಕೊಂಡು ದಡ ಮುಟ್ಟಿಸಿದಳು.

"ಐದು ಸಲ ಊದಿದೆ," ಭಾವ ಮುಂದೆ ಬಂದು ನಿಂತ. "ಏನು ಮಾಡ್ತಿದ್ದೆ ನೀನು? ನಿದ್ದೆನಾ?"

"ಬೈಬೇಡಿ ಅವರನ್ನ," ಟೀಚರ್ ನಡುವೆ ಬಂದರು. ಆಗಲೇ ಅವರಿಗೆ ಅರ್ಥವಾಗಿತ್ತು. "ಅಲೆ ಸದ್ದು ರೀ. ನಮಗೆ ಯಾರಿಗೂ ಕೇಳಿಸಲಿಲ್ಲ."

ಭಾವ ಒಂದು ಕ್ಷಣ ಯೋಚಿಸಿ ತಲೆಯಾಡಿಸಿದ. "ಗಾಳಿ ಆ ಕಡೆಯಿಂದ ಇತ್ತೇನೋ. ಸರಿ, ನೀರು ಕುಡಿ. ಮುಂದಿನವರು ಕಾಯ್ತಾ ಇದ್ದಾರೆ. ಸೆಳೆತ ನಿಂತ ತಕ್ಷಣ ಹೊರಡು."

ಮುಂದಿನ ಗುಂಪು ಬೆಂಚಿನ ಮೇಲಿತ್ತು. ತಾಯಿಯೊಬ್ಬಳು ಮಗಳ ಕಾಲಿಗೆ ಈಜುರೆಕ್ಕೆ ಹಾಕುತ್ತಿದ್ದಳು. ಎಡಗಾಲಿನದ್ದು ಬಲಗಾಲಿಗೆ.

"ಇವರಿಗೆ ಕೇಳಿಸ್ತು ಭಾವ," ಅಂದಳು ಅವಳು. "ನನಗೇ ಕೇಳಿಸಲಿಲ್ಲ. ಕಿವಿ ಹೋಗಿದೆ."

"ಯಾವಾಗಿಂದ?"

"ಮೂರು ವಾರ."

ಕೌಂಟರಿನಿಂದ ಅಕ್ಕ ಎದ್ದು ಬಂದಳು. ಕೆನ್ನೆಗೆ ಬಿಡುತ್ತಾಳೆ ಅಂದುಕೊಂಡಳು ಇವಳು. ಅಕ್ಕ ಅವಳ ಗಲ್ಲ ಹಿಡಿದು ತಲೆ ಓರೆ ಮಾಡಿ ಕಿವಿಯೊಳಗೆ ಇಣುಕಿದಳು, ಪಾತ್ರೆಯ ತಳ ನೋಡುವ ಹಾಗೆ.

"ಕತ್ತೆ," ಅಂದಳು. ಆಮೇಲೆ ಬೆಂಚಿನ ಕಡೆ ತಿರುಗಿ, "ಇವತ್ತು ಇಲ್ಲ. ನಾಳೆನೂ ಇಲ್ಲ. ಬೇರೆ ಯಾರಾದರೂ ಸಿಗೋವರೆಗೆ ಇಲ್ಲ."

ಭಾವ ಕುರ್ಚಿ ಮಡಚಲು ಹೋದ.

ಅವಳು ಅಂಗಡಿಯ ಹಿಂದೆ ಕೂತು ಮುಖವಾಡಗಳನ್ನು ಸಿಹಿನೀರಿನಲ್ಲಿ ಅದ್ದತೊಡಗಿದಳು. ಟೀಚರ್ ತಮ್ಮದನ್ನು ತಂದುಕೊಟ್ಟರು.

"ನಾನು ಹೇಳಿದ್ನಲ್ಲ. ಸುಮ್ನಿರಬಾರದಿತ್ತಾ?"

"ಜೋರಾಗಿ ಹೇಳಿ," ಅಂದಳು ಅವಳು.

ಅಕ್ಕ ಒಳಗಿನಿಂದ ಎರಡು ಬುಟ್ಟಿ ಒದ್ದೆ ಬಟ್ಟೆ ತಂದು ಅವಳ ಪಕ್ಕ ಇಟ್ಟು ಹೋದಳು.