ಅತ್ತೆ ಕೂರಲಾರದ ಕಾರು

ಕಾರಿನ ಕೆಳಗೆ ತೆಲೇಸಿಯ ಅಂಗಾತ ಮಲಗಿದ್ದಳು. ಹೊರಗೆ ಕಾಣುತ್ತಿದ್ದದ್ದು ಅವಳ ಎರಡು ಪಾದಗಳು ಮಾತ್ರ. ಸೊಂಟಕ್ಕೆ ಕಟ್ಟಿದ್ದ ನೇಯ್ಗೆಯ ಪಟ್ಟಿಯನ್ನು ಬಿಚ್ಚಿ ಗಂಡ ಹಾವಿಲಿಯ ಕೈಗೆ ಕೊಟ್ಟು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ನುಗ್ಗಿದವಳು ಇನ್ನೂ ಹೊರಗೆ ಬಂದಿರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಕುಟ್ಟುವ ಸದ್ದು ಮಾತ್ರ ಬರುತ್ತಿತ್ತು. ಜಪಾನಿನಿಂದ ಹಡಗಿನಲ್ಲಿ ಬಂದ ಹಳೆಯ ಕಾರುಗಳನ್ನು ಮಾರುವ ಆ ಅಂಗಡಿಗೆ ಬಣ್ಣ ನೋಡುವವರು ಬರುತ್ತಿದ್ದರು, ರೇಡಿಯೋ ಎಷ್ಟು ಜೋರಾಗಿ ಕೂಗುತ್ತದೆ ಎಂದು ನೋಡುವವರು ಬರುತ್ತಿದ್ದರು. ಹೀಗೆ ಬೆನ್ನಿಗೆ ಮಣ್ಣು ಮಾಡಿಕೊಳ್ಳುವ ಹೆಂಗಸು ಬಂದದ್ದು ಇದೇ ಮೊದಲು. ಅಂಗಡಿಯವನು ಹಾವಿಲಿಗೆ ಕುರ್ಚಿ ತಂದುಕೊಟ್ಟು, ತಾನು ನಿಂತೇ ಕಾದ.

ಆಗಲೇ ಎರಡು ಕಾರುಗಳು ಅವಳ ಕುಟ್ಟಾಟದಲ್ಲಿ ಸೋತಿದ್ದವು. ಒಂದರ ತಗಡು ಬೆಂದ ಗೆಣಸಿನ ಹಾಗೆ ಒಳಕ್ಕೆ ಹೋಗಿತ್ತು. ಮೇಲೆ ನೋಡಿದರೆ ಕನ್ನಡಿಯಂತೆ ಹೊಳೆಯುತ್ತಿದ್ದ ಕಾರು ಅದು. ತೆಲೇಸಿಯಳ ಅಪ್ಪ ಬಸ್ಸು ಇಟ್ಟಿದ್ದವನು. ಗಾಡಿ ಸಾಯುವುದು ಹೊಟ್ಟೆಯಿಂದ, ಮುಖದಿಂದಲ್ಲ ಎಂದು ಅವನು ಹೇಳುತ್ತಿದ್ದ. ಸುತ್ತ ಸಮುದ್ರವಿರುವ ಊರಲ್ಲಿ ಕಬ್ಬಿಣವನ್ನು ತುಕ್ಕಿನಿಂದ ಕಾಯುವುದು ಇಲಿಗಳ ನಡುವೆ ಕೊಬ್ಬರಿ ಕಾಯುವ ಕೆಲಸ.

ಮೂರನೆಯದರ ಕೆಳಗಿನಿಂದ ಅವಳು ಹೊರಗೆ ಬಂದಾಗ ಮುಖ ಗೆಲುವಾಗಿತ್ತು. ಅದೊಂದು ಪುಟ್ಟ ಬಿಳಿ ಡಬ್ಬಿ. ಎಂಜಿನ್ನು ಹೊಲಿಗೆ ಯಂತ್ರಕ್ಕಿಂತ ಸ್ವಲ್ಪ ದೊಡ್ಡದು.

"ಇದೇ," ಅಂದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಹಾವಿಲಿ ನಕ್ಕ. "ನಂಗೆ ಚಾಚೋಕೆ ಇರೋದೇ ಒಂದು. ಸಾಕು ಬಿಡು, ಇಷ್ಟೇ ಗಾಡಿ."

ಹಾವಿಲಿಯ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಸಕ್ಕರೆ ಕಾಯಿಲೆ ಬೆರಳಿನಿಂದ ಶುರುವಾಗಿ ಅಲ್ಲಿಯವರೆಗೆ ತಿಂದಿತ್ತು. ಆಗ ವಾರಕ್ಕೆ ಮೂರು ಸಲ ಹುಣ್ಣಿನ ಪಟ್ಟಿ ಬದಲಿಸಲು ಆಸ್ಪತ್ರೆಗೆ ಹೋಗಬೇಕಿತ್ತು, ಹೋಗುವುದು ಅವನ ತಮ್ಮನ ದೊಡ್ಡ ಪಿಕಪ್ಪನ್ನು ನಂಬಿಕೊಂಡಾಗಿತ್ತು. ಪಿಕಪ್ಪಿಗೆ ನೂರು ಕೆಲಸ. ಯಾರದೋ ಸಾವಿಗೆ ಹಂದಿ ಸಾಗಿಸಬೇಕು, ಇನ್ಯಾರದೋ ಮದುವೆಗೆ ಗೆಣಸು. ಅದು ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟೋ ಸಲ ಪಟ್ಟಿ ಕಟ್ಟುವ ನರ್ಸು ಮನೆಗೆ ಹೋಗಿರುತ್ತಿದ್ದಳು. ಹಾಗೆ ಹೋದ ಕಾಲು ಅದು. ಈಗ ಬಲಗಾಲಿನ ಹಿಮ್ಮಡಿಯಲ್ಲೂ ಹುಣ್ಣು ಎದ್ದಿತ್ತು. ಈ ಕಾಲನ್ನು ನಾನು ಯಾರ ಗಾಡಿಗೂ ಕಾಯಿಸುವುದಿಲ್ಲ ಎಂದು ತೆಲೇಸಿಯ ಹಟ ಹಿಡಿದಿದ್ದಳು.

ಊರವರೆಲ್ಲ ಪಿಕಪ್ಪನ್ನೇ ತಗೋ ಎಂದಿದ್ದರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬಂತೆ ಅದಕ್ಕೆ ಎಷ್ಟು ಪೆಟ್ರೋಲು ಸುರಿದರೂ ಸಾಲದು, ಟೈರು ಹೋದರೆ ಮನೆಯೇ ಹೋದಂತೆ ಎಂದು ಅವಳು ಹೇಳಿದಳು. ಅದು ನಿಜವೇ. ಆದರೆ ಯಾರಿಗೂ ಹೇಳದ ಕಾರಣ ಇನ್ನೊಂದಿತ್ತು. ಕಾರು ಆರಿಸುವಾಗ ಅವಳು ಮನಸ್ಸಿನಲ್ಲೇ ಪ್ರತಿ ಕಾರಿನ ಮುಂದಿನ ಸೀಟಿಗೂ ತನ್ನ ಲೂಪೆ ಅತ್ತೆಯನ್ನು ಕೂರಿಸಿ ನೋಡಿದ್ದಳು. ಅತ್ತೆ ಎಲ್ಲಿ ಹಿಡಿಸುವುದಿಲ್ಲವೋ ಅಂಥದ್ದು ಬೇಕಿತ್ತು.

ಲೂಪೆ ಅವಳ ಅಪ್ಪನ ಅಕ್ಕ. ಅಪ್ಪನ ಅಕ್ಕ ಕೇಳಿದ್ದನ್ನು ಇಲ್ಲ ಅನ್ನುವ ಬಾಯಿ ತೋಂಗಾ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಸಾವಾಗಲಿ, ಮದುವೆಯಾಗಲಿ, ಎಲ್ಲರಿಗಿಂತ ಮೇಲೆ ಸೋದರತ್ತೆ ಕೂರುತ್ತಾಳೆ. ಹಾಸಿದ ಚಾಪೆ ಅವಳದು, ಕೊಯ್ದ ಹಂದಿಯ ಒಳ್ಳೆಯ ಭಾಗ ಅವಳದು, ಸೊಸೆಯಂದಿರ ಮನೆಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಅವಳದು. ಲೂಪೆ ಅತ್ತೆಯಾದರೋ ಚರ್ಚಿನಲ್ಲಿ ಮೂವರು ಕೂರುವ ಬೆಂಚಿನಲ್ಲಿ ಒಬ್ಬಳೇ ಕೂರುವ ಹೆಂಗಸು. ಅಪ್ಪನ ಬಸ್ಸನ್ನು ಎರವಲು ಕೇಳಿ ಕೇಳಿ ಮುಗಿಸಿದವಳೇ ಅವಳು ಎಂದು ತೆಲೇಸಿಯ ಚಿಕ್ಕಂದಿನಿಂದ ನಂಬಿದ್ದಳು.

ಕಾರು ಮನೆಗೆ ಬಂತು. ಚಾವಿ ತಿರುಗಿಸಿದರೆ ಸಾಕು, ಒಳಗಿನ ಯಂತ್ರದಿಂದ ಒಬ್ಬ ಹೆಂಗಸಿನ ದನಿ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿತ್ತು. ಏನು ಹೇಳುತ್ತಾಳೆಂದು ದ್ವೀಪದಲ್ಲಿ ಯಾರಿಗೂ ತಿಳಿಯದು. ಹಾವಿಲಿ ಮಾತ್ರ ಪ್ರತಿ ಸಲವೂ "ಆಗಲಿ ತಾಯಿ" ಎಂದು ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದ. ಊರವರು ಕಾರಿಗೆ ಕೋಳಿಗೂಡು ಎಂದು ಹೆಸರಿಟ್ಟರು. ತೆಲೇಸಿಯ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶನಿವಾರ ಬಂತೆಂದರೆ ಸಿಮೆಂಟು ತೊಟ್ಟಿಯ ಮಳೆನೀರು ಹಿಡಿದು ಕಾರಿನ ಹೊಟ್ಟೆ ತೊಳೆಯುವಳು, ಬೆಸುಗೆಯ ಸಂದುಗಳಿಗೆ ಹಳೆಯ ಎಣ್ಣೆ ಬಳಿಯುವಳು. ಎಂಜಿನ್ನಿಗೆ ಗಾಳಿ ಸೋಸುವ ಜಾಲರಿಯನ್ನು ಬಿಚ್ಚಿ ಬಡಿದರೆ ಹವಳದ ಬಿಳಿ ಧೂಳು ಹಿಟ್ಟಿನಂತೆ ಉದುರುತ್ತಿತ್ತು. ಮಳೆಯಿಲ್ಲದ ತಿಂಗಳಲ್ಲೂ ತಾವು ಮೈಗೆ ಹಾಕಿಕೊಳ್ಳುವ ನೀರಿನಲ್ಲಿ ಕಡಿಮೆ ಮಾಡಿ ಕಾರಿಗೆ ಉಳಿಸಿದಳು. ಹಾವಿಲಿಯ ಹುಣ್ಣು ಅಂಚಿನಿಂದ ಮಾಯತೊಡಗಿತ್ತು. ಆಸ್ಪತ್ರೆಯ ಒಂದು ಸರದಿಯೂ ತಪ್ಪಿರಲಿಲ್ಲ.

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಒಂದು ಗುರುವಾರ ಲೂಪೆ ಅತ್ತೆ ಮಗ ಮನಾಸೆಯನ್ನು ಕಟ್ಟಿಕೊಂಡು ಬಂದಳು. ಕಾರನ್ನು ಒಂದು ಸುತ್ತು ಬಂದು, ಮುಂದಿನ ಬಾಗಿಲು ತೆಗೆಸಿ, ಹಿಂದು ಹಿಂದಾಗಿ ಒಳಗೆ ಇಳಿದಳು. ಅರ್ಧ ಇಳಿದು ಸಿಕ್ಕಿಕೊಂಡಳು. ಕಾರು ಒಂದು ಕಡೆಗೆ ವಾಲಿತು. ಮನಾಸೆ ಒಂದು ಕೈ, ತೆಲೇಸಿಯ ಒಂದು ಕೈ ಹಿಡಿದು ಎಳೆದರು. ಅತ್ತೆ ಹೊರಗೆ ಬಂದವಳೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತೆಲೇಸಿಯಳಿಗೂ ನಗು ಬಂತು, ತಾನು ಗೆದ್ದೆ ಎಂಬ ನಗು.

"ನಾನು ಹಿಡಿಸ್ದಿದ್ರೆ ಏನಂತೆ," ಅತ್ತೆ ಕಣ್ಣೊರೆಸಿಕೊಂಡಳು. "ಇವನು ಹಿಡಿಸ್ತಾನಲ್ಲ. ಚಾವಿ ಕೊಡೇ. ನಾಳೆ ಬೆಳಗ್ಗೆ ತಂದುಬಿಡ್ತಾನೆ."

ತೆಲೇಸಿಯ ಚಾವಿ ಕೊಟ್ಟಳು. ಸೀಟಿನ ಅಳತೆ ತೆಗೆದಿದ್ದಳೇ ಹೊರತು ಸಂಪ್ರದಾಯದ ಅಳತೆ ತೆಗೆಯುವುದನ್ನು ಮರೆತಿದ್ದಳು.

ಶುಕ್ರವಾರ ಹಾವಿಲಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ಕೂತ. ಮಧ್ಯಾಹ್ನವಾಯಿತು. ಗಂಡನ ತಮ್ಮನ ಪಿಕಪ್ಪಿಗೆ ತೆಲೇಸಿಯ ಹೇಳಿಕಳಿಸಿದಳು. ಅದು ಬಂತು, ಎಂದಿನಂತೆ ನರ್ಸು ಹೋದ ಮೇಲೆ. ಕಾರು ಬಂದದ್ದು ಭಾನುವಾರ ಬೆಳಗ್ಗೆ, ಎಲ್ಲರೂ ಚರ್ಚಿಗೆ ಹೊರಟ ಹೊತ್ತಿಗೆ. ಮನಾಸೆ ಚಾವಿಯನ್ನು ಕಿಟಕಿಯಲ್ಲಿಟ್ಟು ನಗುತ್ತಾ ನಡೆದ. ಸಮುದ್ರದ ನೀರಿಳಿದ ಹೊತ್ತು ನೋಡಿ ಕಾರನ್ನು ಮರಳಿನ ಮೇಲೆಯೇ ಓಡಿಸಿದ್ದನಂತೆ, ಮೀನು ತರಲು. ಚಕ್ರದ ಹಿಂದೆ ಹಸಿರು ಪಾಚಿ ನೇತಾಡುತ್ತಿತ್ತು.

ಭಾನುವಾರ ಕೆಲಸ ಮಾಡುವುದು ಅಲ್ಲಿ ದೇವರಿಗೂ ಒಪ್ಪದು, ಸರಕಾರಕ್ಕೂ ಒಪ್ಪದು. ಒಂದು ಚೊಂಬು ನೀರು ಎರಚಿದರೂ ನೆರೆಯವರು ನೋಡುತ್ತಾರೆ. ತೆಲೇಸಿಯ ಬೆಳಗ್ಗೆ ಚರ್ಚಿನಲ್ಲಿ ಕೂತಳು, ಸಂಜೆಯೂ ಕೂತಳು. ಎಲ್ಲರೂ ಎದೆ ತುಂಬಿ ಹಾಡುವಾಗ ಅವಳ ಕಿವಿಗೆ ಉಪ್ಪು ಕಬ್ಬಿಣವನ್ನು ಕಚ್ಚುವ ಸದ್ದೇ ಕೇಳುತ್ತಿತ್ತು. ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಮೂರು ಬೆಂಚು ಮುಂದೆ ಲೂಪೆ ಅತ್ತೆಯ ಅಗಲವಾದ ಬೆನ್ನು ಅಲ್ಲಾಡದೆ ಕೂತಿತ್ತು.

ಸೋಮವಾರ ನರ್ಸು ಪಟ್ಟಿ ಬಿಚ್ಚಿ ನೋಡಿದಳು. ಹುಣ್ಣಿನ ಅಂಚು ಮತ್ತೆ ಕಪ್ಪಾಗಿತ್ತು. ಶುಕ್ರವಾರ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ಇನ್ನೊಮ್ಮೆ ಹೀಗಾದರೆ ನನ್ನ ಕೈಯಲ್ಲಿ ಏನೂ ಇಲ್ಲ, ಆಮೇಲೆ ಕತ್ತರಿಸುವ ಡಾಕ್ಟರ ಹತ್ತಿರವೇ ಮಾತಾಡಿ ಎಂದಳು. ಹಾವಿಲಿ ಅವತ್ತು ಕಾರಿನ ಹೆಂಗಸಿಗೆ ಉತ್ತರ ಕೊಡಲಿಲ್ಲ.

ಅದೇ ವಾರ ಮನಾಸೆ ಮತ್ತೆ ಸುದ್ದಿ ತಂದ. ಮುಂದಿನ ಸೋಮವಾರದಿಂದ ಚರ್ಚಿನ ದೊಡ್ಡ ಸಭೆ, ಹೊರದ್ವೀಪಗಳಿಂದ ಜನ ಬರುತ್ತಾರೆ, ವಾರವಿಡೀ ಕಾರು ಬೇಕು ಎಂದು ಅಮ್ಮ ಹೇಳಿದ್ದಾಳೆ. ತೆಲೇಸಿಯ ಆಗಲಿ ಎಂದಳು. ಅವನು ಹೋದ ಮೇಲೆ ತುಂಬ ಹೊತ್ತು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಳು. ಅಡಗಿಸಿಡುವುದು, ಕೆಟ್ಟಿದೆ ಎನ್ನುವುದು, ಎಲ್ಲ ಯೋಚಿಸಿದಳು. ಇಡೀ ದ್ವೀಪಕ್ಕೇ ಗೊತ್ತಿರುವ ಕೋಳಿಗೂಡನ್ನು ಎಲ್ಲಿ ಅಡಗಿಸುವುದು?

"ಕಾರು ಕೊಟ್ಟುಬಿಡ್ತೀನಿ," ಎಂದು ಗಂಡನಿಗೆ ಹೇಳಿದಳು.

"ಕೊಡ್ದೆ ಇನ್ನೇನ್ಮಾಡ್ತೀಯ. ವಾರ ಕಳೀಲಿ."

"ವಾರಕ್ಕಲ್ಲ. ಅತ್ತೆಗೇ ಕೊಟ್ಟುಬಿಡ್ತೀನಿ."

ಹಾವಿಲಿ ಅವಳ ಮುಖ ನೋಡಿದ. ಮದುವೆಯಾದಂದಿನಿಂದ ಬಲ್ಲ ಮುಖ. ಅದು ತೀರ್ಮಾನ ಮಾಡಿದ ಮೇಲೆ ಮಾತಿಗೆ ಜಾಗವಿರುತ್ತಿರಲಿಲ್ಲ. ಅವನು ತನ್ನ ಹಿಮ್ಮಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಶನಿವಾರ ತೆಲೇಸಿಯ ಎಂದಿಗಿಂತ ಹೆಚ್ಚು ನೀರು ಹಾಕಿ ಕಾರು ತೊಳೆದಳು. ಪೆಟ್ಟಿಗೆಯಿಂದ ಮದುವೆಯ ನಯವಾದ ಚಾಪೆ ತೆಗೆದು, ಮಡಿಚಿ, ಒಬ್ಬಳೇ ಅತ್ತೆಯ ಮನೆಗೆ ಕಾರು ಓಡಿಸಿಕೊಂಡು ಹೋದಳು. ಸಮುದ್ರಕ್ಕೆ ಮುಖ ಮಾಡಿದ ಮನೆ ಅದು. ಅತ್ತೆ ನೆಲದ ಮೇಲೆ ಗೋಡೆಗೆ ಒರಗಿ ಬೀಸಣಿಗೆ ಹಾಕಿಕೊಳ್ಳುತ್ತಿದ್ದಳು. ಮನಾಸೆ ಬಾಗಿಲಲ್ಲಿ ಗೆಣಸು ಸುಲಿಯುತ್ತಿದ್ದ. ತೆಲೇಸಿಯ ಬಾಗಿ ಒಳಗೆ ಹೋಗಿ, ಕಾಲು ಮಡಿಚಿ ಕೂತು, ಚಾಪೆಯನ್ನು ಕಾಣಿಕೆಯಾಗಿ ಅತ್ತೆಯ ಮುಂದಿಟ್ಟು, ಅದರ ಮೇಲೆ ಚಾವಿ ಇಟ್ಟಳು.

"ಅತ್ತೆ, ಕಾರು ನಿಮ್ಮದು. ಎರವಲಲ್ಲ, ನಿಮ್ಮದೇ. ಶನಿವಾರ ಶನಿವಾರ ಇದರ ಹೊಟ್ಟೆ ತೊಳೀಬೇಕು, ಮಳೆನೀರಲ್ಲಿ. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆ ಬಾಗಿಲಲ್ಲಿರಬೇಕು. ಹೋದ ವಾರ ಶುಕ್ರವಾರ ಇರಲಿಲ್ಲ, ಹಿಮ್ಮಡಿ ಕಪ್ಪಾಯ್ತು. ಹಾವಿಲಿಗೆ ಉಳಿದಿರೋದು ಒಂದೇ ಕಾಲು. ಅದನ್ನೂ ಸೇರಿಸಿ ನಿಮ್ಮ ಕೈಗೆ ಕೊಡ್ತಿದೀನಿ."

ಬೀಸಣಿಗೆ ನಿಂತಿತು. ಮನಾಸೆ ಕೈ ಒರೆಸಿಕೊಂಡು ಬಂದು, ಇದೇನು ಎಂಬಂತೆ ಇಬ್ಬರನ್ನೂ ನೋಡಿ, ಚಾವಿಗೆ ಕೈ ಹಾಕಿದ. ಬೀಸಣಿಗೆಯ ಹಿಡಿ ಅವನ ಗೆಣ್ಣಿನ ಮೇಲೆ ಟಪ್ಪೆಂದು ಬಿತ್ತು.

"ಯಾರ ಕಾರಿಗೋ ಕೈ ಹಾಕ್ತೀಯಾ? ನನ್ನ ಕೇಳ್ದೆಯಾ?"

ಅವನು ಹಿಂದೆ ಸರಿದ. ಅತ್ತೆ ಚಾವಿಯನ್ನು ಅಂಗೈಯಲ್ಲಿಟ್ಟುಕೊಂಡು ಸಮುದ್ರದ ಕಡೆ ನೋಡಿದಳು.

"ನಿಮ್ಮಪ್ಪ ಆ ಬಸ್ಸನ್ನ ನಂಗೆ ಕೊಡ್ಲಿಲ್ಲ ಕಣೇ," ಅಂದಳು. "ಕೇಳ್ದೋರಿಗೆಲ್ಲ ಬಿಟ್ಟುಕೊಟ್ಟ. ನಾನು ಎರಡು ಸಲ ಕೇಳಿದ್ರೆ ನನ್ನ ಹೆಸರು ಹೇಳ್ಕೊಂಡು ಹತ್ತು ಜನ ಕೇಳಿದ್ರು. ಕೊಟ್ಟಿದ್ರೆ ನೋಡ್ಕೋತಿದ್ದೆ." ಚಾವಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಹೋಗು ಮನೆಗೆ," ಅಂದಳು.

ಅಷ್ಟೇ. ಮನೆಗೆ ಬರಲು ತೆಲೇಸಿಯ ಊರಿನ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಬರಿಗೈಯನ್ನು ಮಡಿಲಲ್ಲಿ ಮುಚ್ಚಿಕೊಂಡಿದ್ದಳು. ಭಾನುವಾರ ಚರ್ಚಿನಲ್ಲಿ ಅತ್ತೆ ಅವಳ ಕಡೆ ತಿರುಗಲೇ ಇಲ್ಲ. ತಾನು ಮಾಡಿದ್ದು ಜಾಣತನವೋ, ಗಂಡನ ಕಾಲನ್ನು ಕೈಯಾರೆ ಬಿಸಾಡಿದ್ದೋ ತಿಳಿಯದೆ ಅವಳು ಹಾಡಿನ ಸಾಲು ತಪ್ಪಿಸಿದಳು.

ಸೋಮವಾರ ಬೆಳಗ್ಗೆ ಹಾವಿಲಿ ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ಕೂತ. ತೆಲೇಸಿಯ ಅವನ ಪಕ್ಕದಲ್ಲಿ ನಿಂತಳು. ಅಂದು ಪಿಕಪ್ಪಿಗೆ ಹೇಳಿಕಳಿಸಿರಲಿಲ್ಲ. ಬಿಸಿಲು ಜಗಲಿಯ ಮೆಟ್ಟಿಲು ಹತ್ತಿತು.

ಆಮೇಲೆ ತಿರುವಿನಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿತು. ಕಾರು ಎಡಕ್ಕೆ ವಾಲಿಕೊಂಡು ಬಂತು. ಮುಂದಿನ ಸೀಟನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿ, ಮೊಣಕಾಲುಗಳನ್ನು ಗಾಜಿನ ಕೆಳಗೆ ಒತ್ತಿಕೊಂಡು, ಚರ್ಚಿನ ಟೋಪಿ ತಲೆಯಿಂದ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಲೂಪೆ ಅತ್ತೆ ಕೂತಿದ್ದಳು. ಹೇಗೆ ಒಳಗೆ ಹೋದಳೋ ಆ ದೇವರೇ ಬಲ್ಲ. ಚಕ್ರ ಹಿಡಿದಿದ್ದ ಮನಾಸೆಯ ಅಂಗಿ ತೊಯ್ದು ಮೈಗಂಟಿತ್ತು, ಬೆನ್ನೆಲ್ಲ ಮಣ್ಣು.

"ಉಪ್ಪು ತಿಂದ ಮೇಲೆ ನೀರು ಕುಡೀಲೇಬೇಕಲ್ಲ," ಅತ್ತೆ ಕಿಟಕಿಯಿಂದ ಹೇಳಿದಳು. "ಬೆಳಗ್ಗೆ ಎದ್ದು ಇವನೇ ತೊಳ್ದ. ನಮ್ಮ ತೊಟ್ಟಿ ನೀರು. ಹತ್ತಿ, ನನ್ನ ಕಾರು ಕಾಯೋದಿಲ್ಲ. ಮನಾಸೆ, ಇಳಿಯೋ, ಅವಳು ಓಡಿಸ್ಲಿ."

"ಮತ್ತೆ ನಾನು?" ಎಂದ ಮನಾಸೆ.

"ನಿಂಗೆ ಎರಡು ಕಾಲಿವೆಯಲ್ಲ. ನಡಿ."

ತೆಲೇಸಿಯ ಹಾವಿಲಿಯನ್ನು ತನ್ನ ಸೀಟಿನ ಹಿಂದೆ ಕೂರಿಸಿ, ಅವನ ಕಾಲನ್ನು ನಿಧಾನವಾಗಿ ಒಳಗೆ ಎತ್ತಿಟ್ಟು, ಬಾಗಿಲು ಹಾಕಿದಳು. ಚಾವಿ ತಿರುಗಿಸಿದಾಗ ಜಪಾನಿನ ಹೆಂಗಸು ಮಾತಾಡಿದಳು. "ಆಗಲಿ ತಾಯಿ," ಎಂದ ಹಾವಿಲಿ. ಕಾರು ಹೊರಟಿತು. ಅದರ ಹೊಟ್ಟೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬಿಳಿ ಹವಳದ ಮಣ್ಣಿನ ಮೇಲೆ ಆಸ್ಪತ್ರೆಯ ಕಡೆಗೆ ಹನಿಗಳ ಒಂದು ಗೆರೆ ಮೂಡುತ್ತಾ ಹೋಯಿತು. ಮನಾಸೆ ಚಪ್ಪಲಿ ಕೈಯಲ್ಲಿ ಹಿಡಿದು ಅದರ ಹಿಂದೆಯೇ ನಡೆಯತೊಡಗಿದ.