ಒರೆಸಿದ ಬೇರು

ಕೊರಿಯಾದ ಸೊಕ್ಚೊ ಬಂದರಿನ ಆ ಸಣ್ಣ ದಂತಾಲಯದಲ್ಲಿ ಸಹಾಯಕಿ ಮಾಲ್‌ಸುಕ್‌ಳ ಅಚ್ಚುಕಟ್ಟುತನ ಹೆಸರುವಾಸಿ. ಡಾಕ್ಟರ್ ನಾಮ್ ಕಿತ್ತ ಹಲ್ಲನ್ನು ನೆತ್ತರಿನ ಗುರುತೂ ಉಳಿಯದಂತೆ ಒರೆಸಿ, ಕಾಗದದಲ್ಲಿ ಸುತ್ತಿ, ಬೇಕೆಂದವರ ಕೈಗೆ ಕೊಡುವುದು ಅವಳ ಹಳೆಯ ರೂಢಿ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೈಗೆ ಹತ್ತಿದ ಗುಣವೂ ಅಷ್ಟೇ.

ಬಸ್ ಓಡಿಸುವ ತಾಕ್ ಕಿಹೊನ ದವಡೆಹಲ್ಲೊಂದು ಹುಳುಕಾಗಿ ಹೋದಾಗ, ಅವನದೇ ಬುದ್ಧಿಹಲ್ಲನ್ನು ಕಿತ್ತು ಆ ಜಾಗದಲ್ಲಿ ನೆಡೋಣ ಎಂದರು ಡಾಕ್ಟರು. ಬೇರಿಗೆ ಅಂಟಿದ ತೆಳು ಪೊರೆಯೇ ಹಲ್ಲಿನ ಜೀವ, ಅದನ್ನು ಮುಟ್ಟಬೇಡಿ ಎಂದು ಮಾಲ್‌ಸುಕ್‌ಗೆ ಒತ್ತಿ ಹೇಳಿದ್ದರು. ಅವಳೂ ತಲೆಯಾಡಿಸಿದ್ದಳು. ಆದರೆ ಅವರು ಹಲ್ಲನ್ನು ತಟ್ಟೆಯಲ್ಲಿಟ್ಟು ಕುಳಿಯನ್ನು ಹದಮಾಡಲು ಬಗ್ಗಿದಾಗ, ಅವಳ ಬೆರಳುಗಳು ತಮ್ಮ ಪಾಡಿಗೆ ಬಟ್ಟೆ ಹಿಡಿದು ಬೇರನ್ನು ತಿಕ್ಕಿಬಿಟ್ಟವು. ಎಚ್ಚರವಾಗುವಷ್ಟರಲ್ಲಿ ಅದು ತೊಳೆದ ಅಕ್ಕಿಯಂತೆ ಬೆಳ್ಳಗಾಗಿತ್ತು. ಆಗಲೇ ಹೇಳಬಹುದಿತ್ತು, ಕಿಹೊನ ಬಾಯಿಯ ಇನ್ನೊಂದು ಬದಿಯಲ್ಲಿ ಇನ್ನೊಂದು ಬುದ್ಧಿಹಲ್ಲು ಇತ್ತು. ಡಾಕ್ಟರು ಕೈ ಚಾಚಿದರು, ಅವಳು ಕೊಟ್ಟಳು.

ಆಮೇಲೆ ತಪಾಸಣೆಗೆ ಬಂದಾಗಲೆಲ್ಲ ಕಿಹೊ ನಗುತ್ತಲೇ ಬರುತ್ತಿದ್ದ. ಗಟ್ಟಿಯದನ್ನು ಅಗಿಯಬಾರದೆಂಬ ಡಾಕ್ಟರ ಮಾತಿನಂತೆ ತಾನು ಗಂಜಿ ಕುಡಿದುಕೊಂಡು, ಅವಳಿಗೆ ಅಗಿದಷ್ಟೂ ಮುಗಿಯದ ಒಣ ಬೊಂಡಾಸ ಮೀನು ತಂದುಕೊಡುತ್ತಿದ್ದ. ಹಲ್ಲು ಬಂಡೆಯ ಹಾಗೆ ಕೂತಿದೆ, ಎಲ್ಲ ಅಕ್ಕನ ಕೈಗುಣ ಎನ್ನುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ಕೇಳಿದ್ದೇವೆ. ಇವಳಿಗೆ ಒಳ್ಳೆಯವಳು ಅಂದರೂ ಕೈ ಹೆಗಲಿಗೇ ಹೋಗುತ್ತಿತ್ತು. ತಂದ ಮೀನು ಕಪಾಟಿನಲ್ಲೇ ಉಳಿಯುತ್ತಿತ್ತು.

ಚಳಿ ಶುರುವಾದ ಮೇಲಿನ ತಪಾಸಣೆಯಲ್ಲಿ ಡಾಕ್ಟರು ಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ತಟ್ಟಿದರು. ಪಕ್ಕದ ಹಲ್ಲು ಮಂದವಾಗಿ ಸದ್ದು ಮಾಡಿತು, ನೆಟ್ಟದ್ದು ಲೋಹದಂತೆ ಟಿಣ್ ಎಂದಿತು. ಪೊರೆ ಸತ್ತು ಬೇರು ಮೂಳೆಗೇ ಕಚ್ಚಿಕೊಂಡಿದೆ, ಇನ್ನು ಮೂಳೆ ಮೆಲ್ಲಗೆ ಬೇರನ್ನು ತಿಂದುಹಾಕುತ್ತದೆ ಎಂದರು. ಕೋಪ ಕಿಹೊನ ಮೇಲೆ ತಿರುಗಿತು.

"ಗಟ್ಟಿ ಪದಾರ್ಥ ಅಗೀಬೇಡ ಅಂದಿದ್ದೆ ತಾನೆ? ಬೊಂಡಾಸ ಕಂಡ್ರೆ ನಿನ್ನ ಬಾಯಿ ಸುಮ್ನಿರಲ್ಲ."

ಕಿಹೊ ತಲೆ ತಗ್ಗಿಸಿದ. ತಮ್ಮನ ಮದುವೆಯಲ್ಲಿ ಒಂದೇ ಒಂದು ಚೂರು ಅಗಿದದ್ದು ನಿಜ ಎಂದು ಒಪ್ಪಿಕೊಂಡ. ಇನ್ನೊಂದು ಬದಿಯ ಬುದ್ಧಿಹಲ್ಲನ್ನಾದರೂ ನೆಡುತ್ತೀರಾ ಎಂದು ಮೆಲ್ಲಗೆ ಕೇಳಿದ. ಮಾತು ಕೇಳದವನಿಗೆ ಅದನ್ನೂ ನೆಟ್ಟು ಹಾಳುಮಾಡಲಾರೆ ಎಂದು ಡಾಕ್ಟರು ಕೈಗವಸು ಕಳಚತೊಡಗಿದರು.

ಈಗ ಸುಮ್ಮನಿದ್ದರೆ ಅವನಿಗೆ ಆ ಹಲ್ಲೂ ಇಲ್ಲ. ಮಾಲ್‌ಸುಕ್ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಅವರ ತಪ್ಪಲ್ಲ ಡಾಕ್ಟ್ರೇ. ಅವತ್ತು ಬೇರು ಒರೆಸಿದ್ದು ನಾನು."

ಡಾಕ್ಟರು ಅವಳನ್ನೇ ನೋಡಿದರು, ಆಮೇಲೆ ನಕ್ಕುಬಿಟ್ಟರು.

"ನೀವಾ? ಇಷ್ಟು ವರ್ಷದಲ್ಲಿ ಒಂದು ಸೂಜಿ ಆಚೀಚೆ ಇಟ್ಟವರಲ್ಲ ನೀವು. ಇವನನ್ನ ಉಳಿಸೋಕೆ ತಪ್ಪು ತಲೆ ಮೇಲೆ ಹಾಕ್ಕೊಳ್ತಿದ್ದೀರಿ. ಆಯ್ತು ಬಿಡಿ, ನಿಮ್ಮ ಮುಖ ನೋಡಿ ಇನ್ನೊಂದು ನೆಡ್ತೀನಿ."

ಕಿಹೊ ಕುರ್ಚಿಯಿಂದ ಎದ್ದು, ಸೊಂಟ ಬಗ್ಗಿಸಿ ಅವಳಿಗೆ ನಮಿಸಿದ. "ಒಡಹುಟ್ಟಿದವರೂ ಹೀಗೆ ಮಾಡಲ್ಲ ಅಕ್ಕಾ," ಎಂದ.

ನಿಜವಾಗಿಯೂ ನಾನೇ ಎಂದು ಇನ್ನೊಮ್ಮೆ ಹೇಳಲು ಅವಳು ಬಾಯಿ ತೆರೆದಳು. ಹೇಗೂ ಅವನಿಗೆ ಹಲ್ಲು ಸಿಕ್ಕಿತಲ್ಲ ಎಂದಿತು ಮನಸ್ಸು. ಬಾಯಿ ಮುಚ್ಚಿಕೊಂಡಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಗೆ ಇಳಿದದ್ದು ಗೊತ್ತಾದಾಗ ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತು. ಎದುರಿಗೆ ಕಿಹೊ ಇನ್ನೂ ಬಗ್ಗಿಯೇ ಇದ್ದ.